ಅಮ್ಮನಿಗೆ ಬಂಕ್ ಬೇಡ

ಅರವತ್ತೈದರ ಅಮ್ಮನನ್ನು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ರಾತ್ರಿ ಹಡಗಲ್ಲಿ ಕರೆದೊಯ್ಯಬಹುದಾ, ಬಂಕ್ ಕ್ಲಾಸ್ (ಒಂದೇ ಹಾಲ್‌ನಲ್ಲಿ ಎಲ್ಲರೂ ಮಲಗುವ ಅಗ್ಗದ ಬರ್ತ್) ಸಾಕಾ ಅಂತ ಕೇಳಿದ್ದೀರಿ ಅಲ್ವಾ? ಧಾರಾಳವಾಗಿ ಹೋಗಿ, ಆದರೆ ಬಂಕ್ ಬೇಡ. ಯಾವ ದ್ವೀಪ ಅನ್ನೋದರ ಮೇಲೆ 14ರಿಂದ 18 ಗಂಟೆ ಹಿಡಿಯುತ್ತದೆ. ದುಡ್ಡು ಜಾಸ್ತಿಯಾದರೂ ಕ್ಯಾಬಿನ್ ತಗೊಳ್ಳಿ. ವಾಂತಿ ಮಾತ್ರೆ ಹಡಗು ಹೊರಡುವ ಮೊದಲೇ ನುಂಗಬೇಕು. ನಾನು ಸುಮ್ನೆ ಜಂಬಕ್ಕೆ ಬಿಟ್ಟೆ. ರಾತ್ರಿಯಿಡೀ ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ದೆ!

ನಿಜವಾದ ಪರೀಕ್ಷೆ ಇಳಿಯುವಾಗ. ಹಲವು ದ್ವೀಪಗಳ ಸುತ್ತ ನೀರು ಆಳವಿಲ್ಲ, ಹಡಗು ಹೊರಗೇ ನಿಲ್ಲುತ್ತದೆ. ಪಕ್ಕದಲ್ಲಿ ಮೇಲೆ ಕೆಳಗೆ ಕುಣಿಯುವ ಸಣ್ಣ ದೋಣಿಗೆ ದಾಟಬೇಕು. ದೋಣಿ ಮೇಲೆದ್ದ ಗಳಿಗೆಗೇ ಕಾಲಿಡಬೇಕು. ದೋಣಿಯವರು ರಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ. ಸೀರೆಗಿಂತ ಚೂಡಿದಾರ್ ವಾಸಿ. ಲಕ್ಷದ್ವೀಪಕ್ಕೆ ಕಾಲಿಡೋಕೆ ಬೇಕಾದ ಪರ್ಮಿಟ್ ಮೊದಲೇ ಮಾಡಿಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ.