ಕೊಡ ಹೊತ್ತವಳಿಗೆ ಹೆಸರಿಲ್ಲ

ಪ್ರಶ್ನೆ: ರೊಮ್ಯಾಂಟಿಕ್ ಕಾಲದ (ಯುರೋಪಿನಲ್ಲಿ 1800ರ ಆಚೀಚೆ) ಚಿತ್ರಕಲೆ ಅಂದರೆ ಬರೀ ಬಿರುಗಾಳಿ, ಯುದ್ಧ, ನೆಪೋಲಿಯನ್. ಆಗ ಕೂಲಿ ಮಾಡುವವರ ಭಾವಚಿತ್ರವನ್ನು ಯಾರೂ ಬರೆಯಲೇ ಇಲ್ಲವೇ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಜಾಸ್ತಿ ಇಲ್ಲ, ಆದರೆ ಬರೆದಿದ್ದಾರೆ. ಮೊದಲು ಸ್ಪೇನಿನ ಗೋಯಾನ ಜೋಡಿ ಚಿತ್ರ ನೋಡಿ. ಒಂದರಲ್ಲಿ ನೀರು ಮಾರುವ ಹೆಂಗಸು, ಇನ್ನೊಂದರಲ್ಲಿ ಚಾಕುವಿಗೆ ಸಾಣೆ ಹಿಡಿಯುವವನು. ಎರಡೂ 1808–12ರ ಸುಮಾರಿನವು, ಎತ್ತರ 68 ಸೆಂ.ಮೀ. ಅಷ್ಟೆ.

ಹೆಂಗಸಿನ ಸೊಂಟದಲ್ಲಿ ದಪ್ಪ ಕೊಡ, ಇನ್ನೊಂದು ಕೈಯಲ್ಲಿ ಗ್ಲಾಸುಗಳ ಬುಟ್ಟಿ. ಗೋಯಾ ಅವಳನ್ನು ಕೆಳಗಿನಿಂದ ನೋಡಿ ಬರೆದಿದ್ದಾನೆ. ಹಾಗಾಗಿ ಆಕಾಶಕ್ಕೆ ತಲೆ ತಾಗುವ ಹಾಗೆ ನಿಂತಿದ್ದಾಳೆ. ದೊರೆಗಳಿಗೆ ಮೀಸಲಿದ್ದ ಠೀವಿ ಅದು. ಬರೆದವನೂ ಅರಮನೆಯ ಮುಖ್ಯ ಚಿತ್ರಕಾರನೇ, ಅಲ್ವಾ! ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ನನ್ನ ಕಣ್ಣು ಮೊದಲು ಹೋಗುವುದು ಕೈಗಳ ಕಡೆಗೆ. ಸಾಣೆಯವನು ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದಾನೆ, ಆದರೆ ಕೈ ಕಲ್ಲು ಬಿಟ್ಟಿಲ್ಲ. ಕೆಲಸದ ಮಧ್ಯೆ ಯಾರೋ ಕೂಗಿದರು, ಸುಮ್ನೆ ಒಂದು ಸಲ ನೋಡಿದ, ಅಷ್ಟೆ.

ಅದು ನೆಪೋಲಿಯನ್ನನ ಸೈನ್ಯ ಸ್ಪೇನಿಗೆ ನುಗ್ಗಿದ್ದ ಕಾಲ. ಹೋರಾಡುವವರಿಗೆ ನೀರು ಕೊಟ್ಟವಳು, ಚೂರಿ ಮಸೆದವನು ಎಂದು ಕೆಲವು ಪಂಡಿತರು ಇವರನ್ನು ಓದುತ್ತಾರೆ. ಇರಬಹುದು. 1812ರಲ್ಲಿ ಗೋಯಾನ ಹೆಂಡತಿ ತೀರಿಕೊಂಡಾಗ ಮನೆಯ ಸಾಮಾನಿನ ಪಟ್ಟಿ ಮಾಡಿದರು. ಈ ಚಿತ್ರಗಳು ಅದರಲ್ಲಿವೆ. ಈಗ ಬುಡಾಪೆಸ್ಟಿನ ಲಲಿತಕಲಾ ಮ್ಯೂಸಿಯಂನಲ್ಲಿವೆ. ಅವರಿಬ್ಬರ ಹೆಸರು ಮಾತ್ರ ಎಲ್ಲೂ ಇಲ್ಲ.

ಹೆಸರು ಬೇಕು ಅನ್ನುವವರು ಬ್ರಿಟನ್ನಿನ ವೇಲ್ಸಿನಲ್ಲಿ ರೆಕ್ಸಮ್ ಊರಿನ ಪಕ್ಕದ ಅರ್ಡಿಗ್ ಬಂಗಲೆಗೆ ಹೋಗಬೇಕು. 1790ರ ದಶಕದಲ್ಲಿ ಅಲ್ಲಿನ ಜಮೀನುದಾರ ಫಿಲಿಪ್ ಯಾರ್ಕ್ ತನ್ನ ಆಳುಗಳ ಚಿತ್ರ ಬರೆಸಿದ. ಬರೆದವನು ಡೆನ್ಬಿ ಊರಿನ ಜಾನ್ ವಾಲ್ಟರ್ಸ್. ಕಮ್ಮಾರ, ಬಡಗಿ, ಬೇಟೆಗಾಡು ಕಾಯುವವನು, ಎಲ್ಲರೂ ಇದ್ದಾರೆ. ಜೇನ್ ಎಬ್ರೆಲ್ ಎಂಬ ಅಜ್ಜಿಯನ್ನು 1793ರಲ್ಲಿ ಬರೆದಾಗ ಅವಳಿಗೆ 87 ವರ್ಷ. ಹುಡುಗಿಯಾಗಿದ್ದಾಗ ಆ ಮನೆಯಲ್ಲಿ ಜೇಡರ ಬಲೆ ಹೊಡೆಯುತ್ತಿದ್ದವಳು. ಒಬ್ಬೊಬ್ಬರ ಬಗ್ಗೆಯೂ ಯಾರ್ಕ್ ತಾನೇ ತಮಾಷೆಯ ಪದ್ಯ ಕಟ್ಟಿದ್ದಾನೆ. ಜೇನ್ ಅವನ ಪದ್ಯದಲ್ಲಿ ‘ನಮ್ಮೆಲ್ಲರ ತಾಯಿ’.

ನಿಜ ಹೇಳಬೇಕೆಂದರೆ ವಾಲ್ಟರ್ಸ್ ಸಾಧಾರಣ ಕೈ. ಗೋಯಾನ ಪಕ್ಕದಲ್ಲಿಟ್ಟರೆ ಇವನ ಚಿತ್ರಗಳು ಗೊಂಬೆಗಳ ಹಾಗೆ ಕಾಣುತ್ತವೆ. ಪದ್ಯಗಳಲ್ಲಿ ಪ್ರೀತಿ ಇದೆ, ಯಜಮಾನನ ಗತ್ತೂ ಇದೆ. ಆದರೂ ಜೇನ್ ಯಾರು, ಏನು ಮಾಡುತ್ತಿದ್ದಳು ಎಂದು ಇವತ್ತು ಹೇಳಬಹುದು. ಗೋಯಾನ ನೀರಿನವಳ ಬಗ್ಗೆ ಅಷ್ಟೂ ಹೇಳಲಾಗದು.

ಪ್ರಶ್ನೆ: ಆ ಆಳುಗಳ ಚಿತ್ರಗಳನ್ನು ಈಗಲೂ ನೋಡಬಹುದೇ?
– ಅದೇ ಓದುಗರು

ಉತ್ತರ: ನೋಡಬಹುದು. 1973ರಿಂದ ಆ ಮನೆ ಹಳೆಯ ಬಂಗಲೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿದೆ. ಟಿಕೆಟ್ ಕೊಂಡು ಒಳಗೆ ಹೋದರೆ ಆಳುಗಳ ಕೋಣೆಯ ಕಡೆ ಮೊದಲು ತಿರುಗಿ. ದಿವಾನಖಾನೆಯ ಬೆಳ್ಳಿ, ರೇಷ್ಮೆಯನ್ನು ಆಮೇಲೆ ನೋಡಿದರಾಯಿತು.