ಫುಟ್‌ಬಾಲ್ ತಂಡ ನಿಧಾನವಾಗಿ ಪಾಸ್ ಮಾಡುತ್ತಾ ಕೂತರೆ ಅದು ತಾಳ್ಮೆಯಾ, ಪುಕ್ಕಲುತನವಾ?

ನಿಮ್ಮ ಗೆಳೆಯರಲ್ಲಿ ಅರ್ಧ ಜನ "ಸುಮ್ನೆ ಅಡ್ಡಡ್ಡ ಪಾಸ್ ಮಾಡ್ತಾರೆ, ಮುಂದಕ್ಕೆ ಹೊಡೀಬೇಕು" ಅಂತಾರೆ, ಇನ್ನರ್ಧ ಜನ "ತಾಳ್ಮೆ ಇರಲಿ" ಅಂತಾರೆ. ಯಾರು ಸರಿ, ಕೋಚ್ ಬದಲಾದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಯಾವ ತಂಡ ಅಂತ ಬರೆದಿಲ್ಲ. ಪರವಾಗಿಲ್ಲ, ಈ ಜಗಳ ಇಲ್ಲದ ತಂಡವೇ ಇಲ್ಲ. ಮಲೆನಾಡಿನ ಸಾಗರ ಊರಲ್ಲಿ ನಮ್ಮ ಗುಂಪಿನಲ್ಲೂ ಇದೇ ಗಲಾಟೆ.

ನನಗನ್ನಿಸುವುದು, ಎರಡೂ ಕಡೆಯವರು ಚೆಂಡನ್ನೇ ನೋಡುತ್ತಿದ್ದಾರೆ. ಎದುರಾಳಿ ಡಿಫೆಂಡರ್‌ಗಳ ಮುಖ ಎತ್ತ ಇದೆ ಅಂತ ನೋಡಿ. ಆಗಾಗ ತಿರುಗಿ ತಮ್ಮದೇ ಗೋಲಿನ ಕಡೆ ಓಡುತ್ತಿದ್ದಾರಾ? ಹಾಗಿದ್ದರೆ ನಿಧಾನದ ಪಾಸ್ ಕೆಲಸ ಮಾಡುತ್ತಿದೆ. ಸಾಲಾಗಿ ನಿಂತು ಎಡಕ್ಕೆರಡು ಹೆಜ್ಜೆ, ಬಲಕ್ಕೆರಡು ಹೆಜ್ಜೆ ಹಾಕಿಕೊಂಡು ಆರಾಮಾಗಿದ್ದರೆ ಧಾರಾಳವಾಗಿ ಬೈಯಿರಿ.

ಇದಕ್ಕೆ ಸ್ಪೇನ್‌ಗಿಂತ ಒಳ್ಳೆ ಉದಾಹರಣೆ ಸಿಗಲ್ಲ. 2022ರ ವಿಶ್ವಕಪ್, ಡಿಸೆಂಬರ್ 6, ಮೊರಾಕ್ಕೊ ವಿರುದ್ಧದ ಪಂದ್ಯ. ನಮಗೆ ರಾತ್ರಿ ಎಂಟೂವರೆಗೆ ಶುರು, ಹಾಗಾಗಿ ನಿದ್ದೆಗೆಡದೆ ನೋಡಿದ ಪಂದ್ಯ. ಅರ್ಧಕ್ಕೇ ತೂಕಡಿಕೆ ಬಂತು, ಅದು ಬೇರೆ ಮಾತು. ಎಕ್ಸ್‌ಟ್ರಾ ಟೈಮ್ ಸೇರಿ 120 ನಿಮಿಷ, ಸ್ಪೇನ್‌ನದು ಸಾವಿರಕ್ಕೂ ಹೆಚ್ಚು ಪಾಸ್. ಸರಿಯಾಗಿ ಗೋಲಿನ ಚೌಕಟ್ಟಿಗೆ ಗುರಿಯಿಟ್ಟ ಹೊಡೆತ ಒಂದೇ ಒಂದು, ಅದೂ ಒಳಗೆ ಹೋಗಲಿಲ್ಲ. ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಒಂದೂ ಒಳಗೆ ಹೋಗದೆ 3-0 ಸೋಲು. 2018ರಲ್ಲಿ ರಷ್ಯಾ ವಿರುದ್ಧವೂ ಹೀಗೇ ಆಗಿತ್ತು: ಸಾವಿರ ದಾಟಿದ ಪಾಸ್, ಪೆನಾಲ್ಟಿ, ಮನೆಗೆ ವಾಪಸ್. ಮೊರಾಕ್ಕೊದವರು ಅವತ್ತು ಏನೂ ಮಾಂತ್ರಿಕತನ ಮಾಡಲಿಲ್ಲ. ಮಧ್ಯದ ದಾರಿ ಮುಚ್ಚಿಕೊಂಡು ನಿಂತರು, ಅಷ್ಟೇ. ಸ್ಪೇನ್‌ನವರೆಲ್ಲ ಚೆಂಡು ಕಾಲಿಗೇ ಬರಲಿ ಅಂತ ಕಾದರು. ಮೊರಾಕ್ಕೊ ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಓಡುವವನೇ ಇರಲಿಲ್ಲ. ಓಡಬಲ್ಲ ನಿಕೊ ವಿಲಿಯಮ್ಸ್ 75ನೇ ನಿಮಿಷದವರೆಗೆ ಬೆಂಚಿನಲ್ಲಿ ಕೂತಿದ್ದ!

ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೀಳುವ ಕೊನೆಗೌಡರನ್ನು ನೋಡಿರುತ್ತೀರಿ. ಮರದ ತುದಿಯಲ್ಲಿ ಕೂತು ಅತ್ತಿತ್ತ ತೂಗುವುದು ಪಕ್ಕದ ಮರ ಹಿಡಿಯುವುದಕ್ಕೆ. ಪಾಸ್ ಕೂಡ ಆ ತೂಗಾಟವೇ. ಎದುರಾಳಿ ಸಾಲನ್ನು ಒಂದು ಪಕ್ಕಕ್ಕೆ ಎಳೆದ ಗಳಿಗೆಯಲ್ಲಿ ಇನ್ನೊಂದು ಪಕ್ಕದಿಂದ ಯಾರಾದರೂ ನುಗ್ಗಬೇಕು. ಆ ಗಳಿಗೆ ಬಿಟ್ಟರೆ ಮತ್ತೆ ಮೊದಲಿಂದ.

ಅದೇ ಸ್ಪೇನ್ 2024ರ ಯೂರೋ ಕಪ್‌ನಲ್ಲಿ ಏಳಕ್ಕೆ ಏಳೂ ಪಂದ್ಯ ಗೆದ್ದಿತು, 15 ಗೋಲು ಹೊಡೆಯಿತು. ಪಾಸ್ ಮಾಡುವುದನ್ನೇನೂ ಬಿಡಲಿಲ್ಲ. ಆದರೆ ಎಡಕ್ಕೆ ನಿಕೊ, ಬಲಕ್ಕೆ ಲಮೀನ್ ಯಮಾಲ್. ಚೆಂಡು ಸಿಕ್ಕಿದ ಕೂಡಲೇ ಡಿಫೆಂಡರ್ ಮೈಮೇಲೇ ಹೋಗುವವರು. ಕ್ರೊವೇಷ್ಯಾ ವಿರುದ್ಧದ ಮೊದಲ ಪಂದ್ಯದಲ್ಲಿ ಚೆಂಡು ಜಾಸ್ತಿ ಹೊತ್ತು ಇದ್ದದ್ದು ಕ್ರೊವೇಷ್ಯಾ ಹತ್ತಿರ. ಗೆದ್ದದ್ದು ಸ್ಪೇನ್, 3-0. ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಗೋಲು ನಿಕೊದು, ಪಾಸ್ ಕೊಟ್ಟದ್ದು ಯಮಾಲ್. ಹಿಂದಿನ ದಿನವಷ್ಟೇ 17 ತುಂಬಿದ ಹುಡುಗ.

ಹಾಗಂತ "ಉದ್ದ ಹೊಡಿ" ಪಾರ್ಟಿಗೆ ನಾನು ಸೇರಿಲ್ಲ. ನಮ್ಮ ಕಡೆ ಆ ಪಾರ್ಟಿಗೆ ಬಲ ಜಾಸ್ತಿ, ಅದಕ್ಕೆ ಮಳೆಯೂ ಒಂದು ಕಾರಣ ಅಂತ ನನ್ನ ಅನುಮಾನ. ಜೂನ್-ಜುಲೈನಲ್ಲಿ ಇಲ್ಲಿನ ಮೈದಾನದಲ್ಲಿ ನೆಲದ ಮೇಲೆ ಪಾಸ್ ಕೊಟ್ಟರೆ ಚೆಂಡು ನೀರಿನಲ್ಲೇ ನಿಂತುಬಿಡುತ್ತದೆ. ಎತ್ತಿ ಹೊಡೆಯುವುದೊಂದೇ ದಾರಿ. ಯುರೋಪಿನಲ್ಲಿ ಪಂದ್ಯಕ್ಕೆ ಮುಂಚೆ ಬೇಕೆಂದೇ ನೀರು ಚಿಮುಕಿಸುತ್ತಾರೆ. ಸಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು ಹೋಗಲಿ ಅಂತ. ಅಲ್ಲಿಯ ಆಟವನ್ನು ನಮ್ಮ ಕೆಸರಿನ ಕಣ್ಣಲ್ಲಿ ನೋಡಿದರೆ ಹೇಗೆ?

"ಉದ್ದ ಹೊಡಿ" ಅನ್ನುವವರು 2015-16ರ ಇಂಗ್ಲಿಷ್ ಲೀಗ್ ಹಿಡಿದುಕೊಂಡು ಬರುತ್ತಾರೆ. ಕೋಚ್ ವಾನ್ ಗಾಲ್ ಅವರ ಮ್ಯಾಂಚೆಸ್ಟರ್ ಯುನೈಟೆಡ್ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು 38 ಪಂದ್ಯದಲ್ಲಿ ಹೊಡೆದದ್ದು 49 ಗೋಲು. ಚೆಂಡು ಎದುರಾಳಿಗೇ ಬಿಟ್ಟುಕೊಟ್ಟು ಆಡಿದ ಲೆಸ್ಟರ್ ಸಿಟಿ 68 ಹೊಡೆದು ಚಾಂಪಿಯನ್ ಆಯಿತು. ನಿಜ. ಆದರೆ ಲೆಸ್ಟರ್‌ನಲ್ಲಿ ಜೇಮಿ ವಾರ್ಡಿ ಇದ್ದ, ಎದುರಾಳಿ ಬೆನ್ನ ಹಿಂದೆ ಓಡುವುದೇ ಅವನ ಕಸುಬು. ಮುಂದಿನ ಸೀಸನ್‌ನಲ್ಲಿ ಉಳಿದ ತಂಡಗಳು ಹಿಂದೆ ಸರಿದು ನಿಂತವು, ಓಡಲು ಜಾಗ ಸಿಗಲಿಲ್ಲ. ಅದೊಂದೇ ಕಾರಣವಲ್ಲ, ಆದರೂ ಲೆಸ್ಟರ್ ಹನ್ನೆರಡನೇ ಸ್ಥಾನಕ್ಕೆ ಬಂತು.

ಇನ್ನು ಕೋಚ್ ವಿಷಯ. ಮುಂದಿನ ಪಂದ್ಯದಲ್ಲಿ ಮಿಡ್‌ಫೀಲ್ಡರ್‌ಗೆ ಚೆಂಡು ಬಂದಾಗ ಒಂದೆರಡು ಸೆಕೆಂಡು ಅವನನ್ನು ಬಿಟ್ಟು ಮುಂದಿನವರನ್ನು ನೋಡಿ. ಮೂರು ಜನ ಓಡುತ್ತಿದ್ದರೂ ಅವನು ಹಿಂದಕ್ಕೇ ಕೊಟ್ಟರೆ ಅವನಿಗೆ ಧೈರ್ಯ ಇಲ್ಲ, ಅಥವಾ ಹಾಗೇ ಆಡು ಅಂತ ಹೇಳಿಕೊಟ್ಟಿದ್ದಾರೆ. ಆಗ ಕೋಚ್‌ನ ಕೇಳಬೇಕು. ಯಾರೂ ಓಡದೆ ಕೈಯೆತ್ತಿ ಚೆಂಡು ಕೇಳುತ್ತಾ ನಿಂತಿದ್ದರೆ ಪಾಪ, ಆ ಮಿಡ್‌ಫೀಲ್ಡರ್ ಇನ್ನೇನು ಮಾಡಬೇಕು? ಅಂಥ ತಂಡಕ್ಕೆ ಹೊಸ ಕೋಚ್‌ಗಿಂತ ಮೊದಲು ಪಕ್ಕದಿಂದ ನುಗ್ಗುವ ಒಬ್ಬ ಒಳ್ಳೆ ವಿಂಗರ್ ಬೇಕು.