ಓದುಗರ ಪ್ರಶ್ನೆ: ಒಡೆದ ಬಲ್ಬಿಗೆ ಕರೆಂಟ್ ಕೊಡಬೇಡಿ

ಪ್ರಶ್ನೆ: ಕಬ್ಬು ತುಂಬಿ ರಸ್ತೆ ಬದಿ ನಿಂತಿದ್ದ ಟ್ರೇಲರ್‌ಗೆ ರಾತ್ರಿ ನಮ್ಮ ಸಂಬಂಧಿಕರ ಬೈಕ್ ಹಿಂದಿನಿಂದ ಗುದ್ದಿತು. ಹಿಂದಿನ ದೀಪ ಉರಿಯುತ್ತಿತ್ತು ಅಂತ ಟ್ರ್ಯಾಕ್ಟರ್‌ನವರು, ಇಲ್ಲ ಅಂತ ನಾವು. ಬಲ್ಬ್ ಒಡೆದುಹೋಗಿದೆ. ಈಗ ಪತ್ತೆ ಹಚ್ಚಬಹುದೇ?
– ಓದುಗರು, ಪಾಂಡವಪುರ

ಉತ್ತರ: ಎಲ್‌ಇಡಿ ಅಲ್ಲದ ಹಳೇ ಬಲ್ಬಾದರೆ ಬಹುಮಟ್ಟಿಗೆ ಹಚ್ಚಬಹುದು. ಉರಿಯುವಾಗ ಒಳಗಿನ ಟಂಗ್‌ಸ್ಟನ್ ಸುರುಳಿ 2,000 ಡಿಗ್ರಿ ಮೀರಿ ಕಾದು ಮೆತ್ತಗಾಗಿರುತ್ತದೆ. ಆಗ ಪೆಟ್ಟು ಬಿದ್ದರೆ ಎಳೆದು ಬಿಟ್ಟ ಸ್ಪ್ರಿಂಗಿನ ಹಾಗೆ ಜೋತುಬೀಳುತ್ತದೆ. ಗಾಜೂ ಒಡೆದರೆ ಗಾಳಿ ತಾಗಿ ಸುರುಳಿಯ ಸುತ್ತ ಬಿಳಿ-ಹಳದಿ ಪುಡಿ ಕೂರುತ್ತದೆ. ಗಾಜಿನ ಸಣ್ಣ ಚೂರು ಕರಗಿ ಅಂಟಿಕೊಳ್ಳುವುದೂ ಉಂಟು. ಆರಿದ್ದ ಬಲ್ಬಿನದು ಗಡುಸು: ತುಂಡಾದರೂ ಸುತ್ತು ಕೆಡದು, ಹೊಳಪು ಮಾಸದು.

21/5 ವ್ಯಾಟ್ ಬಲ್ಬಿನಲ್ಲಿ ಸುರುಳಿ ಎರಡು. 21ರದ್ದು ಬ್ರೇಕಿಗೆ. 5ರದ್ದು ಹಿಂದಿನ ದೀಪಕ್ಕೆ; ನಿಮ್ಮ ಜಗಳ ಇರುವುದು ಅದರಲ್ಲಿ.

ಕೆಲಸ ಕೆಡುವುದು ‘ವೈರಿಂಗ್ ಸರಿಯಿದ್ಯಾ ನೋಡೋಣ’ ಅಂತ ಯಾರೋ ಸ್ವಿಚ್ ಒತ್ತಿದಾಗ. ಒಡೆದ ಬಲ್ಬಿಗೆ ಕರೆಂಟ್ ಹರಿದರೆ ಆಗಲೂ ಅದೇ ಪುಡಿ ಕೂರುತ್ತದೆ, ಸಾಕ್ಷಿ ಹೋದಂತೆಯೇ. ನೀವಾಗಿ ಬಿಚ್ಚಬೇಡಿ. ಹೋಲ್ಡರ್ ಸಮೇತ ತೆಗೆದು, ಸುರುಳಿಗೆ ಹತ್ತಿ ತಾಗದಂತೆ ಡಬ್ಬಿಯಲ್ಲಿಟ್ಟು, ಪಂಚರ (ಸಾಕ್ಷಿದಾರರ) ಮುಂದೆ ಸೀಲ್ ಮಾಡಿ ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವಂತೆ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಿ.

ಸುರುಳಿಯ ಸುತ್ತು ಕೆಟ್ಟಿಲ್ಲ ಅಂದ ಮಾತ್ರಕ್ಕೆ ದೀಪ ಆರಿತ್ತು ಅನ್ನುವಂತಿಲ್ಲ. ಟನ್‌ಗಟ್ಟಲೆ ಕಬ್ಬು ಹೊತ್ತ ಟ್ರೇಲರಿನ ಎಡಮೂಲೆಗೆ ಬೈಕ್ ಬಡಿದರೆ ಬಲಗಡೆಯ ಬಲ್ಬಿಗೆ ಅದರ ಅದುರು ತಲುಪದೇ ಇರಬಹುದು.

ಎಲ್‌ಇಡಿಯಾದರೆ ಸುರುಳಿಯ ಮಾತೇ ಇಲ್ಲ. ಆಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಪ್ಲಗ್ ನೋಡಿಸಿ. ಅದನ್ನು ಸಿಕ್ಕಿಸದೆ ಹಾಗೇ ಸುತ್ತಿಟ್ಟು ಓಡಿಸುವವರಿಗೆ ನಮ್ಮ ಕಡೆ ಬರವಿಲ್ಲ! ಪಿನ್ನು ಹಸಿರುಗಟ್ಟಿದ್ದರೆ ದೀಪ ಉರಿದದ್ದು ಅನುಮಾನವೇ. ಇಳಿಬಿದ್ದ ಕಬ್ಬಿನ ಸೋಗೆ ದೀಪವನ್ನು ಮುಚ್ಚಿತ್ತೇ ಎಂಬುದಕ್ಕೆ ಲೋಡ್ ಇಳಿಸುವ ಮೊದಲಿನ ಫೋಟೋ ಬೇಕು.

ಪ್ರಶ್ನೆ: ಕಾರಿನ ಚಕ್ರ 22 ಮೀಟರ್ ಉಜ್ಜಿದ ಗುರುತಿದೆ. ವೇಗ ಎಷ್ಟಿತ್ತು?
– ಓದುಗರು, ಮೈಸೂರು

ಉತ್ತರ: ಗುರುತಿನ ಉದ್ದವನ್ನು (ಮೀಟರಿನಲ್ಲಿ) ರಸ್ತೆಯ ಹಿಡಿತದ ಅಂಕಿಯಿಂದ (ಘರ್ಷಣಾಂಕ) ಗುಣಿಸಿ, ವರ್ಗಮೂಲ ತೆಗೆದು, 15.9ರಿಂದ ಗುಣಿಸಿ. ನಾಲ್ಕೂ ಚಕ್ರ ಕಚ್ಚಿ ನಿಂತು, ಒಣ ಡಾಂಬರಿನ ಹಿಡಿತ 0.7 ಇದ್ದರೆ ಗಂಟೆಗೆ ಸುಮಾರು 63 ಕಿ.ಮೀ. ಮಣ್ಣು, ತರಗು ಬಿದ್ದು 0.4ಕ್ಕೆ ಇಳಿದಿದ್ದರೆ 47. ಇದು ಕನಿಷ್ಠ ಲೆಕ್ಕ. ಗುರುತಿನ ಕೊನೆಯಲ್ಲಿ ಇನ್ನೂ 30ರ ವೇಗದಲ್ಲಿ ಗುದ್ದಿದ್ದರೆ 63+30 ಅನ್ನಬೇಡಿ; ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 70ರ ಆಸುಪಾಸು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇದ್ದರೆ ಗುರುತು ಮಸುಕು, ಮೊದಲ ಮಳೆಗೇ ಕಾಣೆ. ಅಂದೇ ಟೇಪ್ ಹಿಡಿದು ಅಳೆಯಬೇಕು.